ಚಿನ್ನದ ಕಣ, ಮಿದುಳಿನ ಗಡ್ಡೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಸೀಮೆಯಲ್ಲಿ ಚಿನ್ನವೆಂದರೆ ಆಪದ್ಧನ. ಕಾಯಿಲೆ ಬಿದ್ದರೆ ಅಡವಿಡುವ ವಸ್ತು. ಅದೇ ಚಿನ್ನ ಔಷಧಿಯೂ ಆದೀತೇ?

1857ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಚಿನ್ನವನ್ನು ಅತಿಸೂಕ್ಷ್ಮ ಕಣಗಳಾಗಿ ದ್ರವದಲ್ಲಿ ತೇಲಿಸಿದಾಗ ಅದು ಮಾಣಿಕ್ಯದಂತೆ ಕೆಂಪಾಗಿ ಕಂಡಿತು. ಇಂಥ ನ್ಯಾನೋಕಣಗಳು ಇಂದು ಮಿದುಳಿನ ಬಾಗಿಲು ತಟ್ಟಿವೆ. ಮಿದುಳಿನ ರಕ್ತನಾಳಗಳ ಗೋಡೆ ಬಹುತೇಕ ಔಷಧಿಗಳನ್ನು ಒಳಬಿಡದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು, ಗಡ್ಡೆಯ ಕೋಶಗಳನ್ನು ಸಾಯಗೊಡದ ವಂಶವಾಹಿಯನ್ನು ಅಡಗಿಸುವ ಆರ್‌ಎನ್‌ಎ ಎಳೆಗಳನ್ನು ಚಿನ್ನದ ಕಣಗಳಿಗೆ ಅಂಟಿಸಿ, ಗ್ಲಿಯೋಬ್ಲಾಸ್ಟೋಮಾದ 8 ರೋಗಿಗಳ ರಕ್ತಕ್ಕೆ ಹರಿಸಿದರು. ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಯೊಳಗೆ ಚಿನ್ನ ಸಿಕ್ಕಿತೆಂದು 2021ರಲ್ಲಿ ಪ್ರಕಟಿಸಿದರು.

ಗೋಡೆ ದಾಟಿದ್ದು ನಿಜ, ರೋಗ ವಾಸಿಯಾಯಿತೆಂದಲ್ಲ. ಸದ್ಯಕ್ಕೆ ಶಸ್ತ್ರಕ್ರಿಯೆ, ವಿಕಿರಣ, ಔಷಧಿಗಳೇ ದಾರಿ. ಹುಣಸೂರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಟವರ ನೆರವಿಗೆ ಚಿನ್ನ ಇನ್ನೂ ಗಿರವಿ ಅಂಗಡಿಯ ಮೂಲಕವೇ ಬರಬೇಕು.