ವೀಳ್ಯದ ನಾಡಿನಲ್ಲಿ ಹಾಲುಹಲ್ಲು

1443ರಲ್ಲಿ ಹೆರಾತದ ಶಾರುಖ್ ಸುಲ್ತಾನನ ದೂತನಾಗಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ಇಲ್ಲಿನ ಏಳು ಸುತ್ತಿನ ಕೋಟೆಗೆ ಬೆರಗಾದಂತೆಯೇ ವೀಳ್ಯದೆಲೆಗೂ ಬೆರಗಾದ. ಇಮ್ಮಡಿ ದೇವರಾಯನ ದರ್ಶನಕ್ಕೆ ಹೋದಾಗ ಆತನಿಗೆ ವೀಳ್ಯವೂ ಕರ್ಪೂರವೂ ದೊರೆಯುತ್ತಿದ್ದುವು. ಎಲೆ ಮೆದ್ದರೆ ಮುಖಕ್ಕೆ ಕಳೆ ಬರುತ್ತದೆ, ಬಾಯ ನಾತ ಹೋಗುತ್ತದೆ, ಹಲ್ಲು ಗಟ್ಟಿಯಾಗುತ್ತದೆ ಎಂದು ಆತ ಬರೆದಿಟ್ಟಿದ್ದಾನೆ. ಹಂಪೆಯ ಹಲ್ಲಿನ ಚರಿತ್ರೆಗೆ ಇದೊಂದು ಸಾಕ್ಷ್ಯ. ಆದರೆ ಆತ ನೋಡಿದ್ದು ದೊಡ್ಡವರ ಬಾಯನ್ನು. ತೊಟ್ಟಿಲಲ್ಲಿದ್ದ ಕೂಸಿನ ಬಾಯೊಳಗೆ ಇಣಿಕಿ ಬರೆದ ಪ್ರವಾಸಿಯನ್ನು ನಾನು ಓದಿಲ್ಲ.

ಹಾಗೆಂದು ಹಂಪೆ ಕೂಸನ್ನು ಮರೆತ ಊರಲ್ಲ. ಉದಯಗಿರಿಯನ್ನು ಗೆದ್ದ ಕೃಷ್ಣದೇವರಾಯನು ಅಲ್ಲಿಂದ ತಂದ ಬಾಲಕೃಷ್ಣನನ್ನು 1515ರಲ್ಲಿ ಇಲ್ಲಿ ಪ್ರತಿಷ್ಠೆ ಮಾಡಿಸಿದ. (ಆ ಮೂರ್ತಿ ಈಗ ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿದೆ, ಹಂಪೆಯ ಗರ್ಭಗುಡಿ ಬರಿದು.) ಅಂಥ ಕೂಸೊಂದು ಮಣ್ಣು ತಿಂದಿತೆಂದು ತಾಯಿ ಬಾಯಿ ತೆರೆಸಿದ ಕಥೆ ಎಲ್ಲರಿಗೂ ಗೊತ್ತು. ಯಶೋದೆಗೆ ಅಲ್ಲಿ ಬ್ರಹ್ಮಾಂಡವೇ ಕಂಡಿತು. ನಮ್ಮ ತಾಯಂದಿರಿಗೆ ಅಷ್ಟು ಬೇಡ. ಒಸಡಿನಂಚಿನ ಒಂದು ಬಿಳಿ ಗೆರೆ ಕಂಡರೆ ಸಾಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ವೈದ್ಯರು ಮಾತ್ರ ಕೂಸಿನ ಬಾಯನ್ನು ಚೆನ್ನಾಗಿ ನೋಡಿದ್ದರು. ನೇಪಾಳದಲ್ಲಿ ಸಿಕ್ಕ ಹಸ್ತಪ್ರತಿಯಿಂದ 1938ರಲ್ಲಿ ಅಚ್ಚಾದ ‘ಕಾಶ್ಯಪ ಸಂಹಿತೆ’ಯಲ್ಲಿ ಹಲ್ಲು ಹುಟ್ಟುವ ವಿಷಯಕ್ಕೇ ಒಂದು ಅಧ್ಯಾಯವಿದೆ. ಮೂವತ್ತೆರಡು ಹಲ್ಲುಗಳಲ್ಲಿ ಎಂಟು ಒಮ್ಮೆ ಮಾತ್ರ ಹುಟ್ಟುವಂಥವು, ಉಳಿದವು ಎರಡು ಸಲ ಹುಟ್ಟುವ ‘ದ್ವಿಜ’ಗಳು ಎಂಬುದು ಅದರ ಲೆಕ್ಕ. ಹಾಲುಹಲ್ಲು ಇಪ್ಪತ್ತೇ ಆದ್ದರಿಂದ ಲೆಕ್ಕ ನಾಲ್ಕು ಹೆಚ್ಚಾಯಿತು. ಆದರೆ ಎಣಿಸಿದ್ದಾರಲ್ಲ, ಅದೇ ದೊಡ್ಡದು! ಕನ್ನಡದಲ್ಲಿಯೂ ವಿಜಯನಗರ ಹುಟ್ಟುವ ಮುನ್ನವೇ ಮಕ್ಕಳ ರೋಗಗಳನ್ನು ಕುರಿತು ದೇವೇಂದ್ರಮುನಿಯ ‘ಬಾಲಗ್ರಹ ಚಿಕಿತ್ಸೆ’ ಬಂದಿತ್ತು.

ಕೂಸಿಗೆ ಜ್ವರ ಬಂದರೂ ಭೇದಿಯಾದರೂ ಅದನ್ನು ಹಲ್ಲಿನ ತಲೆಗೆ ಕಟ್ಟುವುದು ನಮ್ಮಲ್ಲಿ ಮಾತ್ರ ಇದ್ದ ರೂಢಿಯಲ್ಲ. 19ನೆಯ ಶತಮಾನದ ಇಂಗ್ಲೆಂಡಿನ ಮರಣಪಟ್ಟಿಗಳಲ್ಲಿ ‘ಹಲ್ಲು ಬರುವುದು’ ಸಾವಿನ ಒಂದು ಕಾರಣವಾಗಿಯೇ ನಮೂದಾಗುತ್ತಿತ್ತು. ಅದಕ್ಕೆಂದು ಮಾರುತ್ತಿದ್ದ ಪುಡಿಗಳಲ್ಲಿ ಪಾದರಸ ಬೆರೆತಿತ್ತು. ಕೂಸುಗಳ ಕೈಕಾಲು ಕೆಂಪೇರಿ ನರಳುವ ರೋಗಕ್ಕೆ ಅದೇ ಕಾರಣವೆಂದು ತಿಳಿದು 1954ರ ಹೊತ್ತಿಗೆ ತಯಾರಕರು ಪಾದರಸವನ್ನು ಕೈಬಿಟ್ಟರು. ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ ಸಹಜ. ಜೋರು ಜ್ವರವಿದ್ದರೆ ಕಾರಣ ಬೇರೆ ಇರುತ್ತದೆ, ವೈದ್ಯರಿಗೆ ತೋರಿಸಬೇಕು.

ಇನ್ನು ಸಿಹಿಯ ಕಥೆ. ಸುಮಾರು 1520ರಲ್ಲಿ ಪೋರ್ಚುಗೀಸ ಪಾಯೆಸನು ಇಂದಿನ ಹೊಸಪೇಟೆಯ ಬಳಿ ಕೆರೆ ಕಟ್ಟುವುದನ್ನು ನೋಡಿದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದರಂತೆ. ಇರುವೆಯ ಉಪಮೆ ಕೊಟ್ಟವನಿಗೆ ಈ ಸೀಮೆ ಮುಂದೆ ಕಬ್ಬಿನ ಸೀಮೆಯಾದೀತೆಂದು ಹೊಳೆದಿರಲಾರದು! ಅರಸರ ಕಾಲದ ರಾಯ, ಬಸವಣ್ಣ, ತುರ್ತು ಕಾಲುವೆಗಳು ಇಂದಿಗೂ ಹರಿಯುತ್ತವೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ನೀರಿನ ಹರವನ್ನು ಇನ್ನಷ್ಟು ಹೆಚ್ಚಿಸಿತು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಬತ್ತ, ಬಾಳೆ, ಕಬ್ಬು. ಸೊಂಡೂರಿನ ಗುಡ್ಡಗಳಿಗೆ ಈ ಕಾಲುವೆಗಳು ಹತ್ತಲಿಲ್ಲ. ಆದರೆ ಸಿಹಿ ಬಿಸ್ಕತ್ತಿನ ಪೊಟ್ಟಣ ಹತ್ತಿತು.

ಕಂಪ್ಲಿಯ ಕಡೆ ಒಂದು ಮನೆಯಲ್ಲಿ ಅಳುವ ಕೂಸಿನ ಬಾಯಿಗೆ ಅಜ್ಜಿ ಬೆಲ್ಲದ ಪಾಕದಲ್ಲಿ ಅದ್ದಿದ ಬಟ್ಟೆಯ ಗಂಟು ಇಡುವುದನ್ನು ನೋಡಿದೆ. ಮೇಲಿನ ಮುಂಬಲ್ಲುಗಳು ಆಗಲೇ ಕಂದಿದ್ದವು. ಹೇಳಿದರೆ ಅಜ್ಜಿ ನಕ್ಕು, “ಬೀಳೋ ಹಲ್ಲಿಗೆ ಯಾಕಪ್ಪಾ ಇಷ್ಟು ಚಿಂತಿ?” ಎಂದರು. ಪ್ರೀತಿಯ ಮಾತು, ಆದರೆ ಒಪ್ಪತಕ್ಕ ಮಾತಲ್ಲ. ಕೊನೆಯ ಹಾಲುಹಲ್ಲು ಬೀಳುವುದು ಸುಮಾರು ಹನ್ನೆರಡನೆಯ ವರ್ಷಕ್ಕೆ. ಅಲ್ಲಿಯವರೆಗೆ ಅಗಿಯುವುದು, ಮಾತು ತಿದ್ದುವುದು, ಕೆಳಗಿರುವ ಹಲ್ಲಿಗೆ ಜಾಗ ಕಾಯುವುದು ಅದರದೇ ಕೆಲಸ. ಅದರ ಹೊರಕವಚ ತೆಳು. ಹುಳುಕು ಬೇಗ ಒಳಗಿಳಿದು ಕೀವು ಕಟ್ಟುತ್ತದೆ. ನೋವಿಗೆ ಕೂಸು ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ. ಎಲ್ಲಿ ನೋವೆಂದು ಹೇಳಲೂ ಬಾರದು.

ರಜಾಕನ ವೀಳ್ಯವೂ ಇಲ್ಲಿ ಮತ್ತೆ ಬರುತ್ತದೆ. ಹಲ್ಲು ಕೊರೆಯುವ ಸೂಕ್ಷ್ಮಜೀವಿಗಳು ಹೆಚ್ಚಾಗಿ ಸಾಕುವವರ ಎಂಜಲಿನಿಂದಲೇ ಕೂಸಿಗೆ ಅಂಟುತ್ತವೆ. ಚಮಚ ನೆಕ್ಕಿ ಉಣಿಸುವುದು, ತಾವು ಅಗಿದು ತಿನ್ನಿಸುವುದು ಅದಕ್ಕೆ ದಾರಿ. ಎಲೆಯೊಡನೆ ಅಡಿಕೆ ಜಗಿಯುವ ಬಾಯಿ ತನಗೂ ಒಳ್ಳೆಯದಲ್ಲ. ಅಡಿಕೆ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಬಾಣಂತಿಯ ಹಲ್ಲು ನೆಟ್ಟಗಿರುವುದು ಕೂಸಿನ ಹಲ್ಲಿಗೂ ಒಳಿತು.

ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಹಲ್ಲಿಲ್ಲದಾಗ ಒಸಡನ್ನು ಒದ್ದೆ ಮೆದುಬಟ್ಟೆಯಿಂದ ಒರಸುವುದು. ಆರು ತಿಂಗಳ ಹೊತ್ತಿಗೆ ಕೆಳಗಿನ ಮುಂಬಲ್ಲು ಮೂಡಿದಾಗಿನಿಂದ ಮೆದು ಬ್ರಷ್‌ನಲ್ಲಿ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ದಿನಕ್ಕೆರಡು ಸಲ. ಬಾಟಲಿ ಬಾಯಲ್ಲಿಟ್ಟು ಮಲಗಿಸಕೂಡದು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಿಂದ ಅಪರೂಪದ, ಆದರೆ ಘೋರವಾದ ವಿಷಬಾಧೆ ಉಂಟಾಗಬಹುದು. ವರ್ಷದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು.

ಆ ಬಿಳಿ ಗೆರೆಯ ಮಾತು ಉಳಿಯಿತು. ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ಕೂಸಿನ ಮೇಲ್ದುಟಿಯನ್ನು ಎತ್ತಿ ನೋಡಿ. ಮುಂಬಲ್ಲಿನ ಬುಡದಲ್ಲಿ, ಒಸಡಿನಂಚಿಗೆ, ಸುಣ್ಣ ಎಳೆದಂಥ ಮಂಕು ಬಿಳಿ ಗೆರೆ ಕಂಡರೆ ಹುಳುಕು ಆರಂಭವಾಗಿದೆ ಎಂದರ್ಥ. ಆ ಹಂತದಲ್ಲಿ ಅದನ್ನು ತಡೆಯಬಹುದು. ಕಂದು ಬಣ್ಣಕ್ಕೆ ತಿರುಗಿ ಕುಳಿ ಬಿದ್ದ ಮೇಲೆ ತಾನಾಗಿ ಕೂಡುವುದಿಲ್ಲ.