ಸಮವಸ್ತ್ರದ ವಿಚಾರದಲ್ಲಿ ಮಗುವನ್ನು ಕೇಳಿದವರು ಯಾರು?

2023ರ ಡಿಸೆಂಬರ್ 22ರಂದು ನಂಜನಗೂಡು ತಾಲ್ಲೂಕಿನ ಕವಲಂದೆಯಲ್ಲಿ ಪೊಲೀಸ್ ಠಾಣೆಗಳ ಉದ್ಘಾಟನೆ ನಡೆಯಿತು. ಅಲ್ಲಿ ಹಿಜಾಬ್ ಪ್ರಸ್ತಾಪ ಬಂದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ, ತರಗತಿಗಳಲ್ಲಿ ಅದಕ್ಕಿದ್ದ ನಿಷೇಧವನ್ನು ವಾಪಸ್ ಪಡೆಯುವುದಾಗಿ ಹೇಳಿದರು. ಏನು ಉಡಬೇಕು, ಏನು ತಿನ್ನಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು ಎಂಬುದು ಅವರ ಮಾತಿನ ತಾತ್ಪರ್ಯ. ಅದು ಇನ್ನೂ ಪರಿಶೀಲನೆಯಲ್ಲಿರುವ ವಿಷಯ ಎಂಬ ಸ್ಪಷ್ಟನೆ ಮರುದಿನವೇ ಬಂತು. ನಡುವಿನ ಆ ಒಂದು ದಿನದಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ, ಧಾರ್ಮಿಕ ಮುಖಂಡರು, ವಕೀಲರು ಎಲ್ಲರೂ ಮಾತಾಡಿದರು. ಸಿದ್ದರಾಮಯ್ಯನವರ ವರುಣಾ ಕ್ಷೇತ್ರದಲ್ಲಿ ನಂಜನಗೂಡಿನ ಹಳ್ಳಿಗಳೂ ಇವೆ, ತಿ. ನರಸೀಪುರದ ಹಳ್ಳಿಗಳೂ ಇವೆ. ಆ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹತ್ತಿ ಪಿಯು ಕಾಲೇಜಿಗೆ ಹೋಗುವ ಹುಡುಗಿಯರನ್ನು ನಿನಗೇನನ್ನಿಸುತ್ತದೆ ಎಂದು ಕೇಳಿದ್ದು ಕಡಿಮೆ.

ಶಾಲೆಯ ಮಕ್ಕಳ ಉಡುಪಿನ ಬಗ್ಗೆ ನಮ್ಮ ಕಾನೂನು ಬೆಳೆದು ಬಂದ ದಾರಿಯೂ ಇದಕ್ಕಿಂತ ಬೇರೆಯಲ್ಲ. ಮಗುವಿನ ಹಕ್ಕಿನ ಬಗ್ಗೆ ತೀರ್ಪುಗಳಿವೆ, ನಿಯಮಗಳಿವೆ, ಸುತ್ತೋಲೆಗಳಿವೆ. ಆದರೆ ಮಗು ತಾನಾಗಿ ಮಾತಾಡಿದ ಸಂದರ್ಭಗಳು ಬೆರಳೆಣಿಕೆಯಷ್ಟು.

ಕಾನೂನಿಗೆ ಬರುವ ಮುನ್ನ ಊರಿನ ರೂಢಿಯನ್ನು ನೋಡಬೇಕು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ಮುಡಿ ಕೊಟ್ಟು ಬಂದ ಹುಡುಗ ಬೋಳು ತಲೆಯಲ್ಲಿ ತರಗತಿಗೆ ಬಂದರೆ ಮೇಷ್ಟ್ರು ಕಾರಣ ಕೇಳುವುದಿಲ್ಲ. ಕಾರ್ತಿಕದಿಂದ ಸಂಕ್ರಾಂತಿಯ ತನಕ ಅಯ್ಯಪ್ಪ ಮಾಲೆ ಹಾಕಿದ ಹುಡುಗರು ಕಪ್ಪು ಬಟ್ಟೆಯಲ್ಲಿ ಓಡಾಡುತ್ತಾರೆ. ಸುತ್ತೂರಿನ ಸುತ್ತಮುತ್ತ ಹಣೆಯ ವಿಭೂತಿ, ಕೊರಳ ಲಿಂಗ ಸಾಮಾನ್ಯ ನೋಟ. ಹೆಣ್ಣುಮಕ್ಕಳ ಬಳೆ, ಕುಂಕುಮ, ಮುಡಿದ ಹೂವಿಗೆ ಲೆಕ್ಕವೇ ಇಲ್ಲ. ಇವುಗಳಿಗೆ ಯಾವ ಸಮಿತಿಯೂ ಠರಾವು ಮಾಡಿ ಒಪ್ಪಿಗೆ ಕೊಟ್ಟಿಲ್ಲ. ಸಮವಸ್ತ್ರದ ಜೊತೆಯಲ್ಲೇ ಇವು ನಡೆದುಕೊಂಡು ಬಂದಿವೆ. ಈ ಹೊಂದಾಣಿಕೆ ದೊಡ್ಡದು. ನಮ್ಮ ನ್ಯಾಯಾಲಯಗಳ ಕಡತಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ತೂಕ ಸಿಕ್ಕಿಲ್ಲ.

ಸಮವಸ್ತ್ರವನ್ನು ಹಗುರವಾಗಿ ಕಾಣುವವನು ನಾನಲ್ಲ. 1915ರಲ್ಲಿ ಮೈಸೂರು ಸರ್ಕಾರ ತನ್ನ ಶಾಲೆಗಳ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆದಾಗ, ಅದಕ್ಕೆ ಸಿಟ್ಟಾಗಿ ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದ ಮೇಲ್ಜಾತಿಯವರಿದ್ದರು. ಬಟ್ಟೆ ನೋಡಿ ಜಾತಿ, ಆಸ್ತಿ ಅಳೆಯುವ ನಾಡಿನಲ್ಲಿ ಎಲ್ಲರಿಗೂ ಒಂದೇ ಬಣ್ಣದ ಅಂಗಿ ಅನ್ನುವುದು ಬಡವರ ಮನೆಯ ಮಗುವಿಗೆ ಧೈರ್ಯ ಕೊಟ್ಟಿದೆ. ಸರ್ಕಾರ ಪುಕ್ಕಟೆಯಾಗಿ ಕೊಡುವ ಬಟ್ಟೆ, ಶೂ, ಸಾಕ್ಸಿನ ಬೆಲೆ ಗೊತ್ತಿರುವುದು ಕೂಲಿಗೆ ಹೋಗುವ ತಾಯಂದಿರಿಗೆ. ಎರಡನೇ ಜೊತೆ ಸಮವಸ್ತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಹೈಕೋರ್ಟಿನ ತನಕ ಹೋದ ಪ್ರಕರಣವೂ ನಮ್ಮಲ್ಲಿದೆ. ಇಲ್ಲಿ ಸಮವಸ್ತ್ರ ಮಗುವಿಗೆ ಸಲ್ಲಬೇಕಾದ ಹಕ್ಕು. ಅದನ್ನೇ ಮಗುವಿನ ಮೇಲೆ ಹೊರಿಸುವ ಷರತ್ತಾಗಿ ಮಾಡಿದಾಗ ತೊಡಕು ಶುರುವಾಗುತ್ತದೆ.

ನಿಯಮಗಳ ಕಡೆ ಬರೋಣ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು, ಜಾರಿಗೆ ಬಂದದ್ದು 1995ರಲ್ಲಿ. ಅದೇ ವರ್ಷದ ನಿಯಮಗಳಲ್ಲಿ 11ನೆಯದು ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಮಾನ್ಯತೆ ಪಡೆದ ಪ್ರತಿ ಸಂಸ್ಥೆಯೂ ತನ್ನದೇ ಸಮವಸ್ತ್ರ ಗೊತ್ತುಮಾಡಬಹುದು. ಒಮ್ಮೆ ಗೊತ್ತುಮಾಡಿದರೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಪದೇಪದೇ ಬಟ್ಟೆ ಬದಲಿಸಿ ಪೋಷಕರ ಜೇಬಿಗೆ ಕೈಹಾಕುವುದನ್ನು ತಡೆಯುವ ಒಳ್ಳೆಯ ನಿಯಮ ಇದು. ಆದರೆ ಆ ಬಟ್ಟೆ ತೊಡುವವರ ಅಭಿಪ್ರಾಯ ಕೇಳಬೇಕೆಂದು ಅದು ಹೇಳುವುದಿಲ್ಲ. 2014ರ ಜನವರಿಯ ಸುತ್ತೋಲೆ ಸರ್ಕಾರಿ ಪಿಯು ಕಾಲೇಜುಗಳಿಗೆ ಅಭಿವೃದ್ಧಿ ಸಮಿತಿಗಳನ್ನು ಕೊಟ್ಟಿತು. ಸ್ಥಳೀಯ ಶಾಸಕರೇ ಅಧ್ಯಕ್ಷರು. ವಿದ್ಯಾರ್ಥಿ ಪ್ರತಿನಿಧಿಗೂ ಅದರಲ್ಲಿ ಜಾಗವಿದೆ. ಶಾಸಕರು ಅಧ್ಯಕ್ಷತೆ ವಹಿಸಿದ ಸಭೆಯಲ್ಲಿ ಹದಿನೇಳರ ಹುಡುಗಿಯೊಬ್ಬಳು ಎದ್ದು ನಿಂತು ನನಗೆ ಇದು ಒಪ್ಪಿಗೆಯಿಲ್ಲ ಅನ್ನುವಂಥ ವಾತಾವರಣ ನಮ್ಮ ಎಷ್ಟು ಕಾಲೇಜುಗಳಲ್ಲಿದೆ?

ಮಕ್ಕಳ ಅಭಿವ್ಯಕ್ತಿಯ ವಿಚಾರದಲ್ಲಿ ಭಾರತದ ಮೊದಲ ದೊಡ್ಡ ತೀರ್ಪು ಬಂದದ್ದು ಪಕ್ಕದ ಕೇರಳದಿಂದ. 1985ರ ಜುಲೈನಲ್ಲಿ ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಪ್ರೌಢಶಾಲೆಯೊಂದು ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಕ್ರೈಸ್ತ ಪಂಥದ ನಂಬಿಕೆಯಂತೆ ಹಾಡುತ್ತಿರಲಿಲ್ಲ. ಬಿಜೋ ಇಮ್ಯಾನ್ಯುಯೆಲ್ ಪ್ರಕರಣದಲ್ಲಿ, 1986ರ ಆಗಸ್ಟಿನಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಹೇಳಿತು. ಸುಮ್ಮನಿರುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೆ ಬರುತ್ತದೆ, ಇಲಾಖೆಯ ಸುತ್ತೋಲೆಯೊಂದು ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಲಾರದು ಎಂಬುದು ಅದರ ಸಾರ. ಅಮೆರಿಕದಲ್ಲಿ ಇದಕ್ಕೆ ಹದಿನೇಳು ವರ್ಷ ಮೊದಲೇ, 1969ರ ಟಿಂಕರ್ ಪ್ರಕರಣದಲ್ಲಿ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟ್ ನಿಂತಿತ್ತು. ಪಾಠಕ್ಕೆ ಗಣನೀಯ ಅಡ್ಡಿಯಾಗುತ್ತದೆಂದು ಶಾಲೆ ತೋರಿಸಬೇಕು, ಅಡ್ಡಿಯಾದೀತೆಂಬ ಅಂಜಿಕೆ ಸಾಲದು ಎಂಬುದು ಅಲ್ಲಿಂದ ಬಂದ ಅಳತೆ. ನಂತರದ ತೀರ್ಪುಗಳು ಅದನ್ನು ಅಲ್ಲಲ್ಲಿ ಮೊಟಕುಗೊಳಿಸಿದರೂ ಕೈಬಿಟ್ಟಿಲ್ಲ.

ಕನ್ನಡಿಗರಿಗೆ ಚೆನ್ನಾಗಿ ಗೊತ್ತಿದ್ದೂ ಈ ದೃಷ್ಟಿಯಿಂದ ನೋಡದೇ ಇರುವ ಇನ್ನೊಂದು ತೀರ್ಪಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಕಲಿಕೆಯ ಮಾಧ್ಯಮವಾಗಬೇಕೆಂದು ರಾಜ್ಯ ಸರ್ಕಾರ 1994ರಲ್ಲಿ ಆದೇಶ ಮಾಡಿತು. ಎರಡು ದಶಕದ ವ್ಯಾಜ್ಯದ ಕೊನೆಯಲ್ಲಿ, 2014ರ ಮೇ 6ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಕನ್ನಡದ ಭವಿಷ್ಯಕ್ಕೆ ಬಿದ್ದ ಪೆಟ್ಟು ಎಂದು ನಾವೆಲ್ಲ ಅಂದು ನೊಂದುಕೊಂಡೆವು. ಆ ನೋವು ನನಗೆ ಇಂದಿಗೂ ಇದೆ. ಆದರೆ ತೀರ್ಪು ನಿಂತಿರುವ ನೆಲ ಯಾವುದೆಂದು ನೋಡಬೇಕು. ಯಾವ ಭಾಷೆಯಲ್ಲಿ ಕಲಿಯಬೇಕೆಂಬ ಆಯ್ಕೆ ಸಂವಿಧಾನದ 19ನೇ ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಆ ಸ್ವಾತಂತ್ರ್ಯ ಮಗುವಿನದು, ಮಗುವಿನ ಪರವಾಗಿ ಅಪ್ಪ ಅಮ್ಮ ಅದನ್ನು ಚಲಾಯಿಸಬಹುದು ಎಂದು ಪೀಠ ಹೇಳಿತು. ಒಂದನೇ ತರಗತಿಯ ಮಗುವಿಗೂ ಅಭಿವ್ಯಕ್ತಿ ಸ್ವಾತಂತ್ರ್ಯ ಉಂಟು ಎಂದು ದೇಶದ ದೊಡ್ಡ ಪೀಠವೊಂದು ಹೇಳಿದ್ದು ಕರ್ನಾಟಕದ ಪ್ರಕರಣದಲ್ಲಿ. ಹಾಗಿದ್ದರೂ ಅಲ್ಲಿ ವಾದ ಮಾಡಿದ್ದು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು, ಆಯ್ಕೆ ಹೋದದ್ದು ಪೋಷಕರ ಕೈಗೆ.

ಅದೇ ವರ್ಷ ಏಪ್ರಿಲ್‌ನಲ್ಲಿ ತೃತೀಯ ಲಿಂಗಿಗಳ ಹಕ್ಕಿನ ಪ್ರಕರಣದಲ್ಲಿ, ಉಡುಪಿನ ಮೂಲಕ ತನ್ನತನವನ್ನು ಹೇಳಿಕೊಳ್ಳುವುದೂ ಅಭಿವ್ಯಕ್ತಿಯೇ ಎಂದು ಸುಪ್ರೀಂ ಕೋರ್ಟ್ ಒಪ್ಪಿತ್ತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೀಗೆ 2021ರ ಕೊನೆಯ ಹೊತ್ತಿಗೆ ಮಗುವಿನ ಪರವಾಗಿ ಹೇಳಬಹುದಾದ ತತ್ವಗಳೆಲ್ಲ ಸಿದ್ಧವಿದ್ದವು.

ಆಗ ಉಡುಪಿಯ ಸರ್ಕಾರಿ ಬಾಲಕಿಯರ ಪಿಯು ಕಾಲೇಜಿನ ಕೆಲವು ಹುಡುಗಿಯರು ಹಿಜಾಬ್ ಹಾಕಿ ತರಗತಿಯಲ್ಲಿ ಕೂರುತ್ತೇವೆಂದರು. ಮುಂದಿನದು ಎಲ್ಲರಿಗೂ ನೆನಪಿದೆ. ಕುಂದಾಪುರದಲ್ಲಿ ಗೇಟು ಮುಚ್ಚಿತು, ಕೇಸರಿ ಶಾಲುಗಳು ಬಂದವು, ಚಿಕ್ಕಮಗಳೂರಿನಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು ಹಿಜಾಬ್ ತೊಟ್ಟವರ ಜೊತೆ ನಿಂತರು. 2022ರ ಫೆಬ್ರುವರಿ 5ರಂದು ಸರ್ಕಾರ, ಸಮಿತಿ ಗೊತ್ತುಮಾಡಿದ ಬಟ್ಟೆಯನ್ನೇ ತೊಡಬೇಕು, ಸಮಿತಿ ಗೊತ್ತುಮಾಡದ ಕಡೆ ಸಮಾನತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರುವ ಬಟ್ಟೆ ಕೂಡದು ಎಂದು ಆದೇಶ ಹೊರಡಿಸಿತು. ಐದು ದಿನಕ್ಕೆ, ಹುಡುಗಿಯರ ಅರ್ಜಿಯ ಮೇಲೆ, ತರಗತಿಯಲ್ಲಿ ಧಾರ್ಮಿಕ ಬಟ್ಟೆ ಸದ್ಯಕ್ಕೆ ಬೇಡವೆಂದು ಹೈಕೋರ್ಟಿನ ಮಧ್ಯಂತರ ಆದೇಶ. ಶಾಲೆಗಳು ಮತ್ತೆ ತೆರೆದ ಬೆಳಿಗ್ಗೆ ಗೇಟಿನ ಬಳಿ, ಟಿವಿ ಕ್ಯಾಮೆರಾಗಳ ಎದುರು, ಹುಡುಗಿಯರು ತಲೆಯ ಬಟ್ಟೆ ತೆಗೆಯಬೇಕಾಯಿತು. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ದೃಶ್ಯಗಳನ್ನು ನೋಡಿದವರು ಆ ಸೆಕ್ಷನ್ನನ್ನು ನೆನೆಯಲೇಬೇಕಿತ್ತು.

ವಿವಾದದ ಬಟ್ಟೆಯನ್ನು ಹತ್ತಿರದಿಂದ ನೋಡಿ. ಪ್ರೌಢಶಾಲೆ, ಪಿಯು ಹುಡುಗಿಯರ ಸಮವಸ್ತ್ರ ಬಹಳ ಕಡೆ ಚೂಡಿದಾರ್, ಅದರ ಮೇಲೊಂದು ವೇಲ್. ಎರಡೂ ಹೆಗಲ ಮೇಲೆ ಮಡಿಕೆ ಮಾಡಿ ಪಿನ್ನು ಚುಚ್ಚಿದರೆ ಅದು ಶಿಸ್ತು. ಸಮವಸ್ತ್ರದ ಅದೇ ಬಣ್ಣದ ಬಟ್ಟೆಯಲ್ಲಿ ತಲೆ ಮುಚ್ಚಿಕೊಳ್ಳುತ್ತೇವೆ, ಅಷ್ಟಕ್ಕೆ ಬಿಡಿ ಎಂದು ಅರ್ಜಿದಾರ ಹುಡುಗಿಯರು ಕೇಳಿದರು. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಮವಸ್ತ್ರಕ್ಕೆ ಹೊಂದುವ ಬಣ್ಣದ ತಲೆವಸ್ತ್ರಕ್ಕೆ ಅವಕಾಶವಿರುವುದನ್ನೂ ತೋರಿಸಿದರು. ವಕೀಲ ಪ್ರೊ. ರವಿವರ್ಮ ಕುಮಾರ್, ಬಳೆ, ಬೊಟ್ಟು, ಪೇಟ, ಶಿಲುಬೆ ಎಲ್ಲ ಇರುವಾಗ ಇದೊಂದನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದರು. ನನ್ನ ಮಟ್ಟಿಗೆ ಇಡೀ ವಾದದಲ್ಲಿ ನಮ್ಮ ಊರುಗಳ ಶಾಲೆಗಳನ್ನು ಬಲ್ಲವರ ಪ್ರಶ್ನೆ ಅದು.

ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಜೆ.ಎಂ. ಖಾಜಿ ಅವರ ಪೂರ್ಣ ಪೀಠ ಅರ್ಜಿಗಳನ್ನು ವಜಾ ಮಾಡಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂಬುದು ಮೊದಲ ಉತ್ತರ. ಅತ್ಯಗತ್ಯ ಆಚರಣೆ ಎಂಬ ಅಳತೆಗೋಲು ಹುಟ್ಟಿದ್ದು 1954ರ ಶಿರೂರು ಮಠದ ಪ್ರಕರಣದಲ್ಲಿ, ಅದೂ ಉಡುಪಿಯದೇ. ಮಠದ ಆಡಳಿತದಲ್ಲಿ ಸರ್ಕಾರ ಎಲ್ಲಿಯವರೆಗೆ ಕೈಹಾಕಬಹುದು ಎಂದು ನೋಡಲು ತಂದ ಅಳತೆಯನ್ನು ಹದಿನೇಳರ ಹುಡುಗಿಯ ತಲೆವಸ್ತ್ರಕ್ಕೆ ಹಿಡಿದಾಗ ವಾದವೆಲ್ಲ ಧರ್ಮಗ್ರಂಥಗಳ ಕಡೆ ಹೊರಳಿತು. ಅಭಿವ್ಯಕ್ತಿ, ಖಾಸಗಿತನದ ಪ್ರಶ್ನೆಗಳು ಹಿಂದಕ್ಕೆ ಸರಿದವು. ತರಗತಿಯಂಥ ಜಾಗದಲ್ಲಿ ಅವು ಪೂರ್ಣ ಪ್ರಮಾಣದ ಹಕ್ಕುಗಳಲ್ಲ, ಸಮವಸ್ತ್ರ ನ್ಯಾಯವಾದ ನಿರ್ಬಂಧ ಎಂದು ಪೀಠ ಹೇಳಿತು. ಸಂವಿಧಾನವನ್ನು ಮಕ್ಕಳು ಮೊದಲು ಓದುವುದೇ ತರಗತಿಯಲ್ಲಿ. ಹಕ್ಕು ಅಲ್ಲೇ ಸವಕಲಾಗುತ್ತದೆ ಅನ್ನುವುದನ್ನು ನಾನು ಒಪ್ಪಲಾರೆ.

ಸುಪ್ರೀಂ ಕೋರ್ಟಿನಲ್ಲಿ 2022ರ ಅಕ್ಟೋಬರ್ 13ರಂದು ಭಿನ್ನ ತೀರ್ಪು ಬಂತು. ಒಂದು ಸಮುದಾಯದ ಗುರುತಿಗೆ ಅವಕಾಶ ಕೊಟ್ಟರೆ ಜಾತ್ಯತೀತತೆಗೆ ವಿರುದ್ಧವಾಗುತ್ತದೆ ಎಂದು ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ, ಅತ್ಯಗತ್ಯ ಆಚರಣೆಯ ಚರ್ಚೆಯೇ ಬೇಕಿರಲಿಲ್ಲ, ಇದು ಆಯ್ಕೆಯ ಪ್ರಶ್ನೆ ಎಂದು ಬಿಜೋ ಇಮ್ಯಾನ್ಯುಯೆಲ್ ತೀರ್ಪಿಗೆ ಮರಳಿದರು. ಮನೆಯ ಕೆಲಸ ಮುಗಿಸಿ ಶಾಲೆಗೆ ಹೊರಡುವ ಹಳ್ಳಿಯ ಹುಡುಗಿಯ ಕಷ್ಟ ನೆನೆದು, ಗೇಟಿನಲ್ಲಿ ಅವಳ ಹಿಜಾಬ್ ತೆಗೆಸಿ ಅವಳ ಬದುಕನ್ನು ನಾವು ಹಸನು ಮಾಡುತ್ತಿದ್ದೇವೆಯೇ ಎಂದು ಕೇಳಿದರು. ವಿಷಯ ದೊಡ್ಡ ಪೀಠದ ಕಡೆಗೆ ಹೋಯಿತು. ಅಷ್ಟರಲ್ಲಿ ಕಾಲೇಜು ಬಿಟ್ಟವರು ಬಿಟ್ಟಾಗಿತ್ತು. ಮೈಸೂರಿನ ಖಾಸಗಿ ಕಾಲೇಜೊಂದು ಮಾತ್ರ ಆ ಫೆಬ್ರುವರಿಯಲ್ಲೇ ತನ್ನ ಸಮವಸ್ತ್ರದ ನಿಯಮವನ್ನು ಕೈಬಿಟ್ಟು ಹುಡುಗಿಯರನ್ನು ತರಗತಿಯಲ್ಲಿ ಉಳಿಸಿಕೊಂಡಿತ್ತು.

ಇಂಥ ಪ್ರಶ್ನೆಗೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಫ್ರಾನ್ಸ್ 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನೇ ನಿಷೇಧಿಸಿತು. ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ, ದಕ್ಷಿಣ ಭಾರತ ಮೂಲದ ಮನೆಯ ಹುಡುಗಿ ಮೂಗುಬೊಟ್ಟು ಹಾಕಿ ಶಾಲೆಗೆ ಬಂದಾಗ ಶಾಲೆ ಬೇಡವೆಂದಿತು. 2007ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅವಳ ಪರ ತೀರ್ಪು ಕೊಟ್ಟಿತು. ಧರ್ಮ ಕಡ್ಡಾಯ ಮಾಡಿದೆಯೇ ಎಂದು ಕೇಳುತ್ತಾ ಕೂರಬೇಕಿಲ್ಲ, ತಾನಾಗಿ ಆರಿಸಿಕೊಂಡ ಆಚರಣೆಗೂ ರಕ್ಷಣೆ ಇದೆ, ಶಾಲೆ ಸ್ವಲ್ಪ ಹೊಂದಿಕೊಂಡರೆ ಶಿಸ್ತು ಮುಕ್ಕಾಗುವುದಿಲ್ಲ ಎಂದಿತು. ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಮೂಗುಬೊಟ್ಟು ಹಾಕುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2024ರ ಆಗಸ್ಟಿನಲ್ಲಿ ಮುಂಬೈ ಚೆಂಬೂರಿನ ಕಾಲೇಜೊಂದರ ಹಿಜಾಬ್, ಟೋಪಿ ನಿಷೇಧಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಿಲಕ, ಬೊಟ್ಟನ್ನೂ ನಿಷೇಧಿಸುತ್ತೀರಾ ಎಂದು ಕೇಳಿತು. 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆಯಲು ಹೋದ ಹುಡುಗರಿಗೆ ಶಿವಮೊಗ್ಗ, ಬೀದರ್‌ಗಳಲ್ಲಿ ಜನಿವಾರ ತೆಗೆಯಲು ಹೇಳಿದರು. ಬೀದರ್‌ನ ಒಬ್ಬನಿಗೆ ಗಣಿತದ ಪರೀಕ್ಷೆಯೇ ತಪ್ಪಿತು. ಅದು ತಪ್ಪು, ಹಿಜಾಬಿನ ಹುಡುಗಿಯನ್ನು ಗೇಟಿನಲ್ಲಿ ತಡೆದದ್ದೂ ತಪ್ಪು. ಒಂದಕ್ಕೆ ನೊಂದವರು ಇನ್ನೊಂದಕ್ಕೆ ಸುಮ್ಮನಿದ್ದದ್ದು ಎರಡೂ ಕಡೆ ನಡೆಯಿತು.

ಬಟ್ಟೆಯನ್ನು ದಾಟಿ ಮಾತಿಗೆ ಬಂದರೆ ಪರಿಸ್ಥಿತಿ ಇನ್ನೂ ಕಠಿಣ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಬೀದಿಗಿಳಿದ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದ. ಅವನ ಹೆಸರಿನ ವೃತ್ತದ ಮೂಲಕ ದಿನವೂ ಸಾವಿರಾರು ಮಕ್ಕಳು ಹಾದುಹೋಗುತ್ತಾರೆ. ಅದೇ ಊರಿನ ಮಾನಸಗಂಗೋತ್ರಿಯಲ್ಲಿ 2020ರ ಜನವರಿಯಲ್ಲಿ ಭಿತ್ತಿಪತ್ರ ಹಿಡಿದ ಯುವತಿಯ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಯಿತು, ಅವಳ ಪರ ವಕಾಲತ್ತು ವಹಿಸುವುದಿಲ್ಲವೆಂದು ಸ್ಥಳೀಯ ವಕೀಲರ ಸಂಘ ನಿರ್ಣಯ ಮಾಡಿತು. ಅದೇ ತಿಂಗಳು ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಆಡಿದ ನಾಟಕಕ್ಕೂ ರಾಜದ್ರೋಹದ ಪ್ರಕರಣ ದಾಖಲಾಯಿತು. ಪೊಲೀಸರು ಪುಟ್ಟ ಮಕ್ಕಳನ್ನು ವಿಚಾರಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು.

ತಿ. ನರಸೀಪುರದ ಶಾಸಕ ಎಚ್.ಸಿ. ಮಹದೇವಪ್ಪ ಸಮಾಜ ಕಲ್ಯಾಣ ಸಚಿವರಾಗಿದ್ದಾಗ, 2023ರಲ್ಲಿ, ಶಾಲಾ ಕಾಲೇಜುಗಳಲ್ಲಿ ಸಂವಿಧಾನ ಪೀಠಿಕೆಯ ಓದು ಶುರುವಾಯಿತು. ಮರುವರ್ಷ ಅದೇ ಇಲಾಖೆಯ ಕೆಲವು ವಸತಿ ಶಾಲೆಗಳಲ್ಲಿ, ಕೈಮುಗಿದು ಒಳಬರುವಂತೆ ಹೇಳುತ್ತಿದ್ದ ಬಾಗಿಲ ಬರಹವನ್ನು ಧೈರ್ಯವಾಗಿ ಪ್ರಶ್ನಿಸಲು ಹೇಳುವಂತೆ ತಿದ್ದಿದಾಗ ದೊಡ್ಡ ಗಲಾಟೆಯಾಯಿತು. ಗಲಾಟೆ ಬರಹದ ಸುತ್ತಲೇ ಸುತ್ತಿತು, ಮಕ್ಕಳು ಪ್ರಶ್ನಿಸಿದರೆ ಉತ್ತರಿಸುವವರು ಯಾರು ಎಂಬ ಮಾತು ಬರಲಿಲ್ಲ.

ಉತ್ತರಿಸುವ ವೇದಿಕೆಗಳು ನಮ್ಮಲ್ಲಿ ಇಲ್ಲದಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎನ್ನುತ್ತದೆ. ಶಾಲೆಗಳಲ್ಲಿ ಮಕ್ಕಳ ಸಂಸತ್ತು ಇದೆ, ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ ಎಲ್ಲ ಇದ್ದಾರೆ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಹುಡುಗಿಯರು ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಬರುತ್ತಿಲ್ಲ ಎಂದು ಪಿಡಿಒಗೆ ನೇರವಾಗಿ ಹೇಳುತ್ತಾರೆ, ಅದು ನಡಾವಳಿಯಲ್ಲಿ ದಾಖಲಾಗುತ್ತದೆ. 11ನೇ ನಿಯಮ ಸಮವಸ್ತ್ರ ಬದಲಿಸುವ ಮುನ್ನ ಹೇಗೂ ಒಂದು ವರ್ಷದ ಕಾಲಾವಕಾಶ ಕೊಟ್ಟಿದೆ. ಪೋಷಕರಿಗೆ ಹೋಗುವ ಆ ನೋಟಿಸು ಮಕ್ಕಳ ಸಂಸತ್ತಿನ ಮುಂದೆಯೂ ಬರಬೇಕು, ಅವರು ಹೇಳಿದ್ದು ಶಾಲಾಭಿವೃದ್ಧಿ ಸಮಿತಿಯ ನಡಾವಳಿಗೆ ಸೇರಬೇಕು ಎಂದು ಒಂದು ಸಾಲು ಸೇರಿಸಲು ಶಿಕ್ಷಣ ಇಲಾಖೆ ಯಾವ ಪೀಠದ ತೀರ್ಪಿಗೂ ಕಾಯಬೇಕಿಲ್ಲ.