ಕಾಯುವುದನ್ನು ಮರೆತ ಪರಲೋಕ: ಕನ್ನಡ ಕ್ರೈಸ್ತ ಮರಣಚಿಂತನೆಯ ಒಂದು ಸಮೀಕ್ಷೆ

ಕ್ರೈಸ್ತರ ಮರಣಾನಂತರದ ನಂಬಿಕೆಯ ಬಗ್ಗೆ ಕನ್ನಡದಲ್ಲಿ ಯಾರೇ ಬರೆಯಲಿ, ಎರಡು ಮಾತು ತಪ್ಪದೆ ಬರುತ್ತವೆ. ಸತ್ತ ಕೂಡಲೇ ಆತ್ಮವು ದೇಹವನ್ನು ಕಳಚಿ ಸ್ವರ್ಗಕ್ಕೋ ನರಕಕ್ಕೋ ಹೋಗುತ್ತದೆ, ಅಲ್ಲಿಗೆ ಲೆಕ್ಕ ಚುಕ್ತಾ ಎಂಬುದು ಒಂದು. ಹಳ್ಳಿಯ ಕ್ರೈಸ್ತರು ಮೂರನೆಯ ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಸತ್ತವರ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸಿ ನಾಲ್ಕು ಜನಕ್ಕೆ ಊಟ ಹಾಕುವುದು, ಮತ ಬದಲಾದರೂ ಬಿಡದೆ ಬಂದ ತಿಥಿಯೇ ಹೊರತು ಬೇರೇನಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಹೆಚ್ಚಾಗಿ ಬೋಧಕರು ಹೇಳುತ್ತಾರೆ, ಎರಡನೆಯದನ್ನು ಸಂಶೋಧಕರು. ಎರಡೂ ತಪ್ಪೆಂದೂ ಎರಡಕ್ಕೂ ಬೇರು ಒಂದೇ ಎಂದೂ ತೋರಿಸುವುದು ಈ ಸಮೀಕ್ಷೆಯ ಉದ್ದೇಶ. ಕ್ರೈಸ್ತ ನಂಬಿಕೆಯಲ್ಲಿ ಸಾವಿಗೂ ಕಡೆಯ ದಿನಕ್ಕೂ ನಡುವೆ ಒಂದು ಕಾಯುವಿಕೆ ಇದೆ. ಅದನ್ನು ನಮ್ಮ ಬರವಣಿಗೆ ಕೈಬಿಟ್ಟಿತು, ಜನರ ಆಚರಣೆ ಕೈಬಿಡಲಿಲ್ಲ. ಇದನ್ನು ಪರೀಕ್ಷಿಸಲು ಮಂಗಳೂರು, ಬೆಂಗಳೂರುಗಳಂಥ ದೊಡ್ಡ ಕ್ರೈಸ್ತ ಕೇಂದ್ರಗಳಿಗಿಂತ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ತಾಲ್ಲೂಕುಗಳೇ ಮೇಲು. ಇಲ್ಲಿ ಕ್ರೈಸ್ತರು ಕಡಿಮೆ. ಅವರ ನೆರೆಹೊರೆಯಲ್ಲಿ ಸಾವಿನ ಬಗ್ಗೆ ಗಟ್ಟಿಯಾದ ಬೇರೆ ನಂಬಿಕೆಗಳಿವೆ. ಹಾಗಾಗಿ ಯಾವುದು ಎರವಲು, ಯಾವುದು ಸ್ವಂತ ಎಂಬ ಪ್ರಶ್ನೆ ಇಲ್ಲಿ ಮೊನಚಾಗಿ ಏಳುತ್ತದೆ.

ಮೂಲವನ್ನು ಬೇಗ ನೋಡಿಬಿಡೋಣ. ಯೇಸುವಿನ ಕಾಲದ ಯೆಹೂದ್ಯರಲ್ಲೇ ಒಮ್ಮತವಿರಲಿಲ್ಲ. ಸದ್ದುಕಾಯರು ಪುನರುತ್ಥಾನವನ್ನು ಒಪ್ಪುತ್ತಿರಲಿಲ್ಲ, ಫರಿಸಾಯರು ಒಪ್ಪುತ್ತಿದ್ದರು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಒತ್ತು ಬೀಳುವುದು ದೇಹದಿಂದ ಪಾರಾಗುವ ಆತ್ಮದ ಮೇಲಲ್ಲ, ಮತ್ತೆ ಎಬ್ಬಿಸಲ್ಪಡುವ ದೇಹದ ಮೇಲೆ. ಅದೇ ಹೊಸ ಒಡಂಬಡಿಕೆಯ ಲೂಕನ ಸುವಾರ್ತೆಯಲ್ಲಿ ಬಡ ಲಾಜರನು ಸತ್ತೊಡನೆ ಅಬ್ರಹಾಮನ ಎದೆಗೆ ಸೇರುತ್ತಾನೆ. ಶಿಲುಬೆಯ ಮೇಲಿನ ಕಳ್ಳನಿಗೆ ಪರದೈಸಿನ ಭರವಸೆ ಅಂದೇ ಸಿಗುತ್ತದೆ. ಅಂದರೆ 'ಈಗಲೇ' ಎಂಬುದೂ 'ಕಡೆಯಲ್ಲಿ' ಎಂಬುದೂ ಗ್ರಂಥದೊಳಗೇ ಜೊತೆಯಲ್ಲಿವೆ. ಮುಂದಿನ ಚರ್ಚೆಯೆಲ್ಲ ಇವೆರಡನ್ನು ಹೊಂದಿಸುವ ಪ್ರಯತ್ನ. 1331ರಲ್ಲಿ ಪೋಪ್ 22ನೆಯ ಜಾನ್ ತನ್ನ ಪ್ರಸಂಗಗಳಲ್ಲಿ, ಸಂತರ ಆತ್ಮಗಳಿಗೂ ಕಡೆಯ ತೀರ್ಪಿನವರೆಗೆ ದೇವರ ಪೂರ್ಣ ದರ್ಶನವಿಲ್ಲ ಎಂದು ಹೇಳಿ ಗದ್ದಲ ಎಬ್ಬಿಸಿದ; ಮರಣಶಯ್ಯೆಯಲ್ಲಿ ಮಾತು ಹಿಂತೆಗೆದುಕೊಂಡ. ಅವನ ಉತ್ತರಾಧಿಕಾರಿ 12ನೆಯ ಬೆನೆಡಿಕ್ಟ್ 1336ರಲ್ಲಿ, ಶುದ್ಧಾತ್ಮಗಳಿಗೆ ದರ್ಶನ ತಡವಿಲ್ಲದೆ ದೊರೆಯುತ್ತದೆ ಎಂದು ವಿಧಿಸಿದ. ಆದರೆ ಅದೇ ಶಾಸನದಲ್ಲಿ ಎಲ್ಲರೂ ತಮ್ಮ ದೇಹದೊಡನೆ ಕಡೆಯ ತೀರ್ಪಿಗೆ ನಿಲ್ಲುವರು ಎಂಬುದನ್ನೂ ಉಳಿಸಿಕೊಂಡ. ನಡುವಿನ ಶುದ್ಧೀಕರಣ ಸ್ಥಿತಿ 1274ರ ಲಿಯೋನ್ ಮತ್ತು 1439ರ ಫ್ಲಾರೆನ್ಸ್ ಸಭೆಗಳಲ್ಲಿ ಅಧಿಕೃತವಾಗಿ ನೆಲೆಗೊಂಡಿತು. ಅದರ ಸುತ್ತ ಬೆಳೆದ ಪಾಪದಂಡ ವಿನಾಯಿತಿಯ ವ್ಯಾಪಾರವನ್ನು 1517ರಲ್ಲಿ ಲೂಥರ್ ಪ್ರಶ್ನಿಸಿದ. ಪ್ರಾಟೆಸ್ಟಂಟರು ಶುದ್ಧೀಕರಣವನ್ನು ತಳ್ಳಿಹಾಕಿದರೂ ಕಾಯುವಿಕೆಯನ್ನು ಪೂರ್ತಿ ತಳ್ಳಲಿಲ್ಲ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಗೆ ಪರದೈಸು ಸ್ವರ್ಗವಲ್ಲ, ಸ್ವರ್ಗದ ಹೊರಪಡಸಾಲೆ. ಈ ಮಾತನ್ನು ನೆನಪಿನಲ್ಲಿಡಬೇಕು. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನರಿಗಳು ಅವನ ಶಿಷ್ಯರೇ.

ಕನ್ನಡ ನಾಡಿನ ಮೊದಲ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆನಿಂತ ಜೆಸ್ವಿಟ್ ಲಿಯೊನಾರ್ದೊ ಚಿನ್ನಮಿ ಕನ್ನಡ ಕಲಿತು ಧರ್ಮೋಪದೇಶಕ್ಕೆ ಬೇಕಾದ್ದನ್ನು ಬರೆದ. ಆ ಪರಂಪರೆ ಮುಂದೆ ಟೊಳ್ಳಾಯಿತು. ನಿಜವಾದ ಬರವಣಿಗೆ ಶುರುವಾಗುವುದು 19ನೆಯ ಶತಮಾನದಲ್ಲಿ. ನಮ್ಮ ನಾಲ್ಕು ತಾಲ್ಲೂಕುಗಳು ಆಗ ಮೂರು ಮಿಷನ್‌ಗಳ ಅಂಚಿನಲ್ಲಿದ್ದವು. ಜಗಳೂರಿನ ಉತ್ತರಕ್ಕೆ ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್. ತುಂಗಭದ್ರೆಯ ಆಚೆ ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಷನ್. ಮೈಸೂರು ಸಂಸ್ಥಾನದೊಳಗೆ ವೆಸ್ಲಿಯನ್ ಮಿಷನ್. ಅಂಚಿನ ಊರುಗಳಿಗೆ ತಲುಪಿದ್ದು ಮುಖ್ಯವಾಗಿ ಸಂತೆಯಲ್ಲಿ ಹಂಚುವ ಕಿರುಹೊತ್ತಗೆ, ಜಾತ್ರೆಯಲ್ಲಿ ಮಾಡುವ ಪ್ರಸಂಗ. ಬಾಸೆಲ್‌ನವರ ಬೇರು ವುರ್ಟೆಂಬರ್ಗ್‌ನ ಪಿಯೆಟಿಸ್ಟ್ ಭಕ್ತಿಯಲ್ಲಿತ್ತು. ಅಲ್ಲಿಯ ಬೆಂಗೆಲ್ ಎಂಬ ಪಂಡಿತ ಹಿಂದಿನ ಶತಮಾನದಲ್ಲಿ ಯುಗಾಂತ್ಯದ ಲೆಕ್ಕ ಹಾಕಿ 1836ನೆಯ ಇಸವಿಯನ್ನು ಗುರುತಿಸಿದ್ದ. ಬಾಸೆಲ್ ಮಿಷನರಿ ಹೆರ್ಮನ್ ಮೋಗ್ಲಿಂಗ್ ಭಾರತಕ್ಕೆ ಬಂದದ್ದೂ ಅದೇ ವರ್ಷ. ಕಾಲ ಕಿರಿದಾಗಿದೆ ಎಂಬ ಆತುರ ಇದ್ದವರ ಗದ್ಯದಲ್ಲಿ ನಡುವಿನ ಸ್ಥಿತಿಗೆ ಎಡೆಯಿಲ್ಲ. ಇಂದೇ ನಿರ್ಧರಿಸು, ಇಲ್ಲವೇ ನರಕ. ಸಂತೆಯ ಗದ್ದಲದಲ್ಲಿ ಅಷ್ಟೇ ಕೇಳಿಸುತ್ತದೆ ಎಂಬ ಸಮರ್ಥನೆಯನ್ನು ಒಪ್ಪಬಹುದು. ಆದರೆ ಆ ಸಂಕ್ಷೇಪವೇ ಮುಂದೆ ಸಿದ್ಧಾಂತವಾಗಿ ಕೂತಿತು.

ಅದಕ್ಕಿಂತ ದೊಡ್ಡ ಎಡವಟ್ಟೆಂದರೆ ಎದುರಾಳಿಯನ್ನು ಗುರುತಿಸುವುದರಲ್ಲಿ ಆದದ್ದು. ಮಿಷನ್ ವಾದಗ್ರಂಥಗಳು ಗುರಿಯಿಟ್ಟದ್ದು ಕರ್ಮ ಮತ್ತು ಪುನರ್ಜನ್ಮದ ಮೇಲೆ. ಮದರಾಸಿನ ಮಿಷನರಿ ಎ. ಜಿ. ಹಾಗ್ 1909ರ ತನ್ನ ಪುಸ್ತಕದಲ್ಲಿ ಕರ್ಮವನ್ನು ಗೌರವದಿಂದ ಎದುರುಗೊಂಡದ್ದು ಆ ಧಾರೆಯ ಒಳ್ಳೆಯ ಫಲ. ಆದರೆ ಹೊನ್ನಾಳಿ, ಚನ್ನಗಿರಿಗಳಲ್ಲಿ ಬೋಧಕನ ಎದುರಿಗೆ ನಿಂತವರಲ್ಲಿ ಬಹುಪಾಲು ಲಿಂಗಾಯತರು. ಅವರು ಸತ್ತವರನ್ನು ಸುಡುವವರಲ್ಲ, ಹೂಳುವವರು. ತತ್ತ್ವದ ಮಟ್ಟಿಗೆ ಲಿಂಗದೀಕ್ಷೆ ಪಡೆದವನಿಗೆ ಮರುಹುಟ್ಟಿಲ್ಲ; ಸಾವು ಲಿಂಗದಲ್ಲಿ ಒಂದಾಗುವುದು. ಪಕ್ಕದ ಮುಸ್ಲಿಮರಿಗೆ ಗೋರಿಯಿಂದ ಕಯಾಮತ್‌ವರೆಗಿನ ನಡುಗಾಲ ಚೆನ್ನಾಗಿ ಗೊತ್ತು. ಇಂಥ ಕಡೆ ಪುನರ್ಜನ್ಮದ ಖಂಡನೆ ಇಲ್ಲದ ಶತ್ರುವಿನ ಮೇಲೆ ಬಿಟ್ಟ ಬಾಣ. ಹೂಳುವ ಮಣ್ಣು, ಕಾಯುವ ಕಾಲ, ದೇಹಕ್ಕೆ ಸಲ್ಲುವ ಗೌರವ ಎಂಬ ಸಾಮಾನ್ಯ ನೆಲ ಕಾಲಡಿಯಲ್ಲೇ ಇತ್ತು; ಅದರ ಮೇಲೆ ನಿಂತು ಮಾತಾಡಿದವರು ವಿರಳ.

ಒಂದೇ ಮನೆಯ ಉದಾಹರಣೆಯಿಂದ ಈ ಕುರುಡು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಲಂಡನ್ ಮಿಷನ್‌ನ ಬೆಂಜಮಿನ್ ರೈಸ್ ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ದುಡಿದವರು. ಅವರ ಮಗ ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳಿವೆ, 11ನೆಯದರಲ್ಲಿ ಜಗಳೂರಿನವು. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಇನ್ನೊಬ್ಬ ಮಗ ಇ. ಪಿ. ರೈಸ್ ಮಿಷನರಿ, 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದವರು. ಈ ನಾಡಿನ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅಲ್ಲಿ ಕಾಯುವ ಮಾತೇ ಇಲ್ಲ. ಬಿದ್ದ ಗಳಿಗೆಯಲ್ಲೇ ಏರಿಕೆ. ತಂದೆಯ ಬೈಬಲ್ಲಿನ ಪುನರುತ್ಥಾನವನ್ನೂ ಮಗನ ಸಂಪುಟಗಳ ವೀರಸ್ವರ್ಗವನ್ನೂ ಎದುರುಬದುರು ಇಟ್ಟಿದ್ದರೆ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. 'ಸತ್ತೊಡನೆ ಸ್ವರ್ಗ' ಎಂಬುದು ಕ್ರೈಸ್ತ ಧರ್ಮ ಈ ನೆಲಕ್ಕೆ ತಂದ ಹೊಸತೇನಲ್ಲ, ಈ ನೆಲದ ಹಳೆಯ ನಂಬಿಕೆ. ಹೊಸತು ಯಾವುದೆಂದರೆ, ವೀರನಲ್ಲದವನ ದೇಹವೂ ಒಂದು ದಿನ ಎದ್ದು ನಿಲ್ಲುತ್ತದೆ ಎಂಬುದು. ಆ ಹೋಲಿಕೆ ಆ ಮನೆಯಿಂದ ಬರಲಿಲ್ಲ. ಆಮೇಲೆ ಬಂದವರೂ ಅದಕ್ಕೆ ಹೆಚ್ಚು ಕೈಹಾಕಲಿಲ್ಲ.

ದಿಕ್ಕು ಬದಲಾದದ್ದು ಉತ್ತಂಗಿ ಚನ್ನಪ್ಪನವರಿಂದ. 1881ರಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ಈ ಸಭಾಪಾಲಕರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ನಾಡಿಗೆಲ್ಲ ಪರಿಚಿತರಾದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಮ್ಮ ವಿಷಯಕ್ಕೆ ಸರ್ವಜ್ಞನಿಗಿಂತ ಮುಖ್ಯವಾದದ್ದು ಅವರು ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನು ಸಂಪಾದಿಸಿದ್ದು. ಆ ದಂಪತಿಗಳ ನಡುವಿನ ಚರ್ಚೆಯ ಹುರುಳೇ ಇದು: ಬಯಲಾಗಬೇಕೆಂದು ಗಂಡ ಹಂಬಲಿಸುತ್ತಾನೆ; ಇಲ್ಲಿಲ್ಲದ ಐಕ್ಯ ಇನ್ನೆಲ್ಲೋ ಇದೆಯೇ ಎಂದು ಹೆಂಡತಿ ತಡೆದು ಕೇಳುತ್ತಾಳೆ. ಇಹದಿಂದ ಪಾರಾಗುವುದೇ ಮುಕ್ತಿಯೇ ಎಂಬ ಈ ಪ್ರಶ್ನೆ ಸುವಾರ್ತೆಯ ದೇವರ ರಾಜ್ಯದ ಪ್ರಶ್ನೆಯೂ ಹೌದು. ಅದು ಬರಲಿರುವುದೂ ಹೌದು, ನಿಮ್ಮ ನಡುವೆಯೇ ಇರುವುದೂ ಹೌದು. ಒಬ್ಬ ಕ್ರೈಸ್ತ ಬೋಧಕ ಶರಣರ ವಚನಗಳಿಗೆ ಇಷ್ಟು ವರ್ಷ ತೆತ್ತದ್ದನ್ನು ಉದಾರತೆ ಎಂದು ಹೊಗಳಿ ಸುಮ್ಮನಾಗುವುದು ನಮ್ಮ ವಿಮರ್ಶಕರ ಚಾಳಿ. ಅದು ಉದಾರತೆಗಿಂತ ಮಿಗಿಲಾದ ದೇವಶಾಸ್ತ್ರ. ಹೂಳುವ ನೆರೆಯವನೊಡನೆ ಯಾವ ಮಾತು ಆಡಬೇಕೆಂದು ಉತ್ತಂಗಿಯವರಿಗೆ ಗೊತ್ತಿತ್ತು.

ಹೊರಗಿನ ಲೋಕದಲ್ಲೂ ಅದೇ ಕಾಲಕ್ಕೆ ತಿರುವು ಬಂತು. ಬಾಸೆಲ್ ವಿಶ್ವವಿದ್ಯಾಲಯದ ಆಸ್ಕರ್ ಕುಲ್ಮನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, ಆತ್ಮದ ಅಮರತ್ವ ಗ್ರೀಕರದು, ಹೊಸ ಒಡಂಬಡಿಕೆಯದು ಸತ್ತವರ ಪುನರುತ್ಥಾನ ಎಂದು ಬಿಡಿಸಿ ಹೇಳಿದರು. ನಮಗೆ ಮಿಷನರಿಗಳನ್ನು ಕಳಿಸಿದ ಊರಿನಿಂದಲೇ ತಿದ್ದುಪಡಿಯೂ ಬಂದದ್ದು ತಮಾಷೆಯಾಗಿದೆ. ಕುಲ್ಮನ್ ಗೆರೆಯನ್ನು ತೀರ ದಪ್ಪಗೆ ಎಳೆದರು ಎಂಬ ಆಕ್ಷೇಪದಲ್ಲಿ ಹುರುಳಿದೆ. 1977ರಲ್ಲಿ ಜೋಸೆಫ್ ರಾಟ್ಸಿಂಗರ್, ಮುಂದೆ ಪೋಪ್ ಆದವರು, ಆತ್ಮವೆಂಬ ಕಲ್ಪನೆಯನ್ನು ಬಿಟ್ಟರೆ ಸತ್ತವನಿಗೂ ಎದ್ದವನಿಗೂ ನಡುವೆ ಕೊಂಡಿಯೇ ಇರುವುದಿಲ್ಲ ಎಂದು ವಾದಿಸಿದರು. ಇಬ್ಬರಲ್ಲಿ ಯಾರ ಪಕ್ಷ ಹಿಡಿದರೂ ಸಾವೇ ಕೊನೆಯ ನಿಲ್ದಾಣ ಎಂಬ ಕಿರುಹೊತ್ತಗೆಯ ಮಾತು ನಿಲ್ಲುವುದಿಲ್ಲ. ಎರಡನೆಯ ವ್ಯಾಟಿಕನ್ ಸಭೆಯ ನಂತರ ಕಥೋಲಿಕರ ಅಂತ್ಯಸಂಸ್ಕಾರದ ಬಲಿಪೂಜೆಯಿಂದ ಕ್ರೋಧದ ದಿನದ ಲ್ಯಾಟಿನ್ ಗೀತೆ ಹೋಗಿ ಪಾಸ್ಕದ, ಅಂದರೆ ಪುನರುತ್ಥಾನದ, ಭರವಸೆ ಮುಂದೆ ಬಂತು, ಪ್ರಾರ್ಥನೆ ಕನ್ನಡದಲ್ಲಾಯಿತು. 1963ರಲ್ಲಿ ದಹನಕ್ಕೆ ಒಪ್ಪಿಗೆ ಸಿಕ್ಕರೂ, ಬೂದಿಯನ್ನು ಪವಿತ್ರ ಸ್ಥಳದಲ್ಲೇ ಇಡಬೇಕೆಂದು 2016ರಲ್ಲಿ ರೋಮ್ ನಿರ್ದೇಶಿಸಿತು. ದೇಹದ ಮೇಲಿನ ಹಕ್ಕನ್ನು ಸಭೆ ಬಿಟ್ಟುಕೊಟ್ಟಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಹಿಂದೂ ಇತಿಹಾಸದೃಷ್ಟಿಯನ್ನು ಅಧ್ಯಯನ ಮಾಡಿ, ಮುಂದೆ ಜಿನೀವಾದಲ್ಲಿ ಸಭೆಗಳ ವಿಶ್ವಮಂಡಳಿಯ ಸಂವಾದ ವಿಭಾಗವನ್ನು ನಡೆಸಿದರು. ಕಾಲದ ಬಗ್ಗೆ ಮಾತಾಡದೆ ಪರಲೋಕದ ಬಗ್ಗೆ ಮಾತಾಡಲಾಗದು ಎಂಬುದು ಈ ಸಂವಾದ ಪಂಥದಿಂದ ನಾವು ಕಲಿಯಬೇಕಾದ ಪಾಠ. ಅದನ್ನು ಕನ್ನಡದಲ್ಲಿ ಮುಂದುವರಿಸಿದವರು ಕಡಿಮೆ. ಇಂಗ್ಲಿಷಿನಲ್ಲಿ ಬರೆದದ್ದು ಇಂಗ್ಲಿಷಿನಲ್ಲೇ ಉಳಿಯಿತು.

ಈಗ ತಿಥಿಯ ಆರೋಪಕ್ಕೆ ಬರೋಣ. ಹಳ್ಳಿಯ ಕ್ರೈಸ್ತರ ಮೂರನೆಯ ದಿನದ, ತಿಂಗಳ, ವರ್ಷದ ಪ್ರಾರ್ಥನೆಗೂ ನೆರೆಯವರ ಆಚರಣೆಗೂ ಹೋಲಿಕೆ ಇರುವುದು ನಿಜ. ಅಡುಗೆಯ ಪಾತ್ರೆಯೂ ಉಣ್ಣುವವರೂ ಎಷ್ಟೋ ಸಲ ಅವರೇ. ಆದರೆ ಸಿರಿಯಾದ ಕಡೆಯಲ್ಲಿ 4ನೆಯ ಶತಮಾನದಲ್ಲಿ ಸಂಗ್ರಹವಾದ 'ಅಪೊಸ್ತಲರ ವಿಧಿಗಳು' ಎಂಬ ಗ್ರಂಥವೇ ಮೂರನೆಯ, ಒಂಬತ್ತನೆಯ, ನಲವತ್ತನೆಯ ದಿನಗಳನ್ನೂ ವರ್ಷವನ್ನೂ ವಿಧಿಸಿ, ಸತ್ತವರ ನೆನಪಿನಲ್ಲಿ ಬಡವರಿಗೆ ಕೊಡಲು ಹೇಳುತ್ತದೆ. ಅದೇ ಶತಮಾನದಲ್ಲಿ ಅಗಸ್ಟೀನನ ತಾಯಿ ಮೋನಿಕಾ ಆಫ್ರಿಕದ ರೂಢಿಯಂತೆ ಸಮಾಧಿಗಳಿಗೆ ಎಡೆ ಒಯ್ದಾಗ ಮಿಲಾನಿನ ಚರ್ಚಿನ ಬಾಗಿಲಲ್ಲಿ ತಡೆಯಲ್ಪಟ್ಟಳು. ಸಮಾಧಿಯ ಬಳಿಯ ಊಟದ ಜಗಳ ಹೊನ್ನಾಳಿಯಲ್ಲಿ ಹುಟ್ಟಿದ್ದಲ್ಲ. ಹಾಗಾದರೆ ಅದೂ ರೋಮನರ ತಿಥಿಯ ಉಳಿಕೆ ತಾನೇ ಎಂದು ಕೇಳಬಹುದು. ಇರಬಹುದು. ಆದರೆ ಸಾವಿರದ ಆರುನೂರು ವರ್ಷ ಸಭೆ ಉಳಿಸಿಕೊಂಡದ್ದನ್ನು ಕೇವಲ ಉಳಿಕೆ ಎನ್ನಲಾಗದು. ಉಳಿಸಿಕೊಳ್ಳಲು ಒಳಗಿನ ಕಾರಣ ಬೇಕು. ಆ ಕಾರಣವೇ ಕಾಯುವಿಕೆ. ಸತ್ತವರ ಕಥೆ ಇನ್ನೂ ಮುಗಿದಿಲ್ಲವಾದರೆ ಮಾತ್ರ ಅವರಿಗಾಗಿ ಪ್ರಾರ್ಥಿಸಲು ಅರ್ಥ. ಪ್ರಾಟೆಸ್ಟಂಟರ ಆಕ್ಷೇಪ ಇದಕ್ಕಿಂತ ಬಲವಾದದ್ದು. ಸತ್ತವರಿಗಾಗಿ ಪ್ರಾರ್ಥನೆಗೆ ಆಧಾರವಾದ ಮಕ್ಕಬಿಯರ ಎರಡನೆಯ ಗ್ರಂಥ ಅವರ ಬೈಬಲ್ಲಿನಲ್ಲಿಲ್ಲ. ಹೀಗಾಗಿ ಅವರ ಕೂಟ ಸತ್ತವರಿಗಾಗಿ ಬೇಡುವುದಿಲ್ಲ, ದೇವರಿಗೆ ಕೃತಜ್ಞತೆ ಸಲ್ಲಿಸುತ್ತದೆ. ಈ ಅಂತರ ದೊಡ್ಡದೇ. ಆದರೂ ನವೆಂಬರ್ 2ರಂದು ಗೋರಿಗೆ ಮೇಣದಬತ್ತಿ ಹಚ್ಚುವ ಕಥೋಲಿಕನೂ ಸ್ಮರಣೆಯ ಕೂಟ ನಡೆಸುವ ಪ್ರಾಟೆಸ್ಟಂಟ್ ಸಿಎಸ್‌ಐ ಕುಟುಂಬವೂ ಒಂದೇ ವಿಶ್ವಾಸ ಪ್ರಮಾಣದಲ್ಲಿ ದೇಹದ ಪುನರುತ್ಥಾನವನ್ನು ಹೇಳುತ್ತಾರೆ.

1980ರ ದಶಕದಿಂದ ಬೆಳೆದ ದಲಿತ ದೇವಶಾಸ್ತ್ರ ಈ ಇಡೀ ಚರ್ಚೆಯನ್ನೇ ಅನುಮಾನಿಸಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಎ. ಪಿ. ನಿರ್ಮಲ್ ಆರಂಭಿಸಿದ ಆ ಚಿಂತನೆಗೆ, ಬಡವನಿಗೆ ಪರಲೋಕ ತೋರಿಸಿ ಇಹದ ಅನ್ಯಾಯವನ್ನು ಮರೆಸುವ ಬೋಧನೆ ಅಪಾಯಕಾರಿ. ಈ ಎಚ್ಚರಿಕೆ ನ್ಯಾಯವಾದದ್ದು, ಆದರೆ ಅದು ತಾಗುವುದು ದೇಹವನ್ನು ಬಿಟ್ಟು ಹಾರುವ ಪರಲೋಕಕ್ಕೆ. ಮುಟ್ಟಬಾರದೆಂದು ದೂರವಿಟ್ಟ ದೇಹವನ್ನೇ ದೇವರು ಎಬ್ಬಿಸುತ್ತಾನೆ ಎಂದು ನಂಬುವವನು ಜಾತಿಗೊಂದು ಸ್ಮಶಾನವನ್ನು ಹೇಗೆ ಒಪ್ಪಿಯಾನು? ಕ್ರೈಸ್ತರೊಳಗೇ ಜಾತಿವಾರು ಹೂಳುವ ರೂಢಿ ದಕ್ಷಿಣ ಭಾರತದಲ್ಲಿ ಉಳಿದದ್ದು ಪುನರುತ್ಥಾನದ ಬೋಧನೆ ಸೋತಿರುವುದಕ್ಕೆ ಸಾಕ್ಷಿ, ಅತಿಯಾಗಿರುವುದಕ್ಕೆ ಅಲ್ಲ.

ಈಚಿನ ಅಲೆ ಇನ್ನೊಂದು ತುದಿಯಿಂದ ಬಂದಿದೆ. ವಿಶ್ವಾಸಿಗಳು ಮೇಘಗಳಲ್ಲಿ ಎತ್ತಲ್ಪಟ್ಟು ಉಳಿದವರು ಮಹಾಸಂಕಟಕ್ಕೆ ಸಿಕ್ಕುವರು ಎಂಬ, 19ನೆಯ ಶತಮಾನದಲ್ಲಿ ಡಾರ್ಬಿ ಎಂಬ ಬೋಧಕ ರೂಪಿಸಿದ ವಿನ್ಯಾಸವನ್ನು ಮೊಬೈಲಿನ ಪ್ರಸಂಗಗಳು ಆದಿಸಭೆಯ ನಂಬಿಕೆಯೆಂದೇ ಹಂಚುತ್ತಿವೆ. ಇದು ಹಳೆಯ ಸಂತೆಯ ಆತುರದ ಹೊಸ ಅವತಾರ. ಇದನ್ನು ಎದುರಿಸಲು ಬೇಕಾದ ಕನ್ನಡ ಗ್ರಂಥಗಳ ಕೊರತೆಯೇ ಈ ಕ್ಷೇತ್ರದ ದೊಡ್ಡ ಕಂದಕ. ಅದನ್ನು ತುಂಬುವ ಕೆಲಸ ಅನುವಾದದಿಂದ ಶುರುವಾಗಬೇಕಿಲ್ಲ, ಊರಿನಿಂದ ಶುರುವಾಗಲಿ. ಈ ನಾಲ್ಕೂ ತಾಲ್ಲೂಕುಗಳು ಕಥೋಲಿಕರ ಪಾಲಿಗೆ 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿವೆ. ಚರ್ಚುಗಳ ಸಮಾಧಿ ದಾಖಲೆಗಳು, ಗೋರಿಗಳ ಮೇಲಿನ ಬರಹ, ಮನೆಗಳ ಸ್ಮರಣೆಯ ದಿನಗಳು, ಯಾರನ್ನು ಎಲ್ಲಿ ಹೂಳಲಾಯಿತು ಎಂಬ ವಿವರ, ಇವನ್ನು ಪಂಗಡಭೇದವಿಲ್ಲದೆ ಸಂಗ್ರಹಿಸಿ, ರೈಸ್‌ರ ಸಂಪುಟಗಳ ವೀರಗಲ್ಲುಗಳ ಪಕ್ಕದಲ್ಲೂ ಲಿಂಗಾಯತರ ಗದ್ದುಗೆಗಳ ಪಕ್ಕದಲ್ಲೂ ಇಟ್ಟು ಓದಬೇಕು. ಆಗ ಹಳ್ಳಿಯ ಕ್ರೈಸ್ತನನ್ನು ಅರೆಮತಾಂತರಿ ಎಂದು ಕರೆಯುವ ಸಂಶೋಧಕನೂ, ಅವನ ಸ್ಮರಣೆಯ ಊಟವನ್ನು ಅಜ್ಞಾನ ಎಂದು ಬೈಯುವ ಬೋಧಕನೂ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ: ಸಭೆಯ ಹಳೆಯ ನಂಬಿಕೆಯನ್ನು ಉಳಿಸಿಕೊಂಡವರು ಯಾರು, ಬಿಟ್ಟವರು ಯಾರು?